ಹಫೀಜಾ ಓದಿದ ಏಳು ಸಾಲು

ಹಳೇನಗರ, ಭದ್ರಾವತಿ
1-2-2024

ಪ್ರಿಯ ಕೃಷ್ಣಪ್ಪ,

ನೀನು ಸಂಕ್ರಾಂತಿಗೆ ಬರೆದ ಕಾಗದ ಇಷ್ಟು ದಿನ ನನ್ನ ಕನ್ನಡಕದ ಡಬ್ಬಿಯ ಕೆಳಗೇ ಇತ್ತು. ಉತ್ತರ ತಡವಾಯಿತು, ಬೈಯಬೇಡ. ನಿನ್ನ ಕಿವಿಗೆ ಫೋನು ಕೇಳುವುದಿಲ್ಲ, ನನಗೆ ಫೋನಿನಲ್ಲಿ ಸಿಟ್ಟು ಪೂರ್ತಿ ಹೇಳಲು ಬರುವುದಿಲ್ಲ. ಇಬ್ಬರಿಗೂ ಅಂಚೆಯೇ ಸರಿ.

ನಿನ್ನ ಮಗ ಮನೋಹರನ ಕೈಲಿ ಕಳಿಸಿದ ಎಳ್ಳುಬೆಲ್ಲ ತಲುಪಿತು. ಹಫೀಜಾ ಅದನ್ನು ಡಬ್ಬಿಗೆ ಸುರಿಯುವಾಗ ಅರ್ಧ ಹೊರಗೆ ಚೆಲ್ಲಿತು. ಈಚೆಗೆ ಹೀಗೇ ಆಗುತ್ತಿದೆ. ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾಳೆ, ಎಡಗಡೆ ಇಟ್ಟ ಲೋಟ ಉರುಳಿಸುತ್ತಾಳೆ. ಎಡಗಣ್ಣಿನ ಮುಂದೆ ಒಲೆಯ ಹೊಗೆ ನಿಂತ ಹಾಗಿದೆ ಅನ್ನುತ್ತಾಳೆ. ಅರವತ್ತೆಂಟು ವರ್ಷವಾಯಿತಲ್ಲ, ಪೊರೆ ಬಂದಿರಬೇಕು. ಪೊರೆಗೆ ಅವಸರವಿಲ್ಲ ಎಂದು ನಾನೇ ನಾಲ್ಕಾರು ಕಡೆ ಓದಿದ್ದೇನೆ. ಆದರೆ ಶಿವಮೊಗ್ಗದಿಂದ ಮಗಳು ಶಿರೀನ್ ದಿನಾ ಫೋನು ಮಾಡಿ, 'ಅಬ್ಬಾ, ಅಮ್ಮಿ ಕಣ್ಣು ಒಂದ್ಸಲ ತೋರಿಸಿ' ಅಂತ ಪೀಡಿಸುತ್ತಾಳೆ.

ಇಷ್ಟರಲ್ಲಿ ಆಶಾ ಕಾರ್ಯಕರ್ತೆ ತನುಜಾ ಒಂದು ಕರಪತ್ರ ತಂದುಕೊಟ್ಟಳು. ಅರವತ್ತು ದಾಟಿದವರಿಗೆ ಉಚಿತ ನೇತ್ರ ತಪಾಸಣೆಯಂತೆ. ನಾನು ಸ್ಕೇಲು ಹಿಡಿದು ಅಳೆದೆ. ದಾನಿಯ ಫೋಟೊ ಮೂರು ಇಂಚು, ಅವನ ಹೆಸರಿನ ಅಕ್ಷರ ಮುಕ್ಕಾಲು ಇಂಚು, 'ನೇತ್ರ' ಎಂಬುದು ಕಾಲು ಇಂಚು. ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿದವನಿಗೆ ಇದೊಂದು ಅರ್ಥವಾಗುತ್ತದೆ ಕೃಷ್ಣಪ್ಪ, ಯಾವುದನ್ನು ದೊಡ್ಡದಾಗಿ ಹಾಕಿಸುತ್ತಾರೋ ಅದೇ ಅವರಿಗೆ ಬೇಕಾದದ್ದು. ತೀರಾ ಕೆಳಗೆ, ಇರುವೆ ಗಾತ್ರದಲ್ಲಿ, ಆಧಾರ್ ಕಾರ್ಡು ಮತ್ತು ಫೋನ್ ನಂಬರು ಕಡ್ಡಾಯ ಎಂದಿತ್ತು.

'ಕಣ್ಣು ನೋಡೋಕೆ ಫೋನ್ ನಂಬರ್ ಯಾಕಮ್ಮ? ಕಣ್ಣೇನು ಫೋನ್ ಎತ್ತುತ್ತಾ?' ಅಂದೆ.

'ನಸರುಲ್ಲಾ ಅಂಕಲ್, ನೀವು ಜನಗಣತಿಯವರನ್ನೂ ಹೀಗೇ ಅರ್ಧ ಗಂಟೆ ಬಾಗಿಲಲ್ಲಿ ನಿಲ್ಲಿಸಿದ್ರಿ' ಅಂದಳು ಅವಳು. 'ಆಂಟೀನ ಕಳಿಸಿ ಸಾಕು. ನೀವು ಬರದೇ ಇದ್ರೂ ನಡೆಯುತ್ತೆ.'

ಸೋಗಾನೆಯಲ್ಲಿ ವಿಮಾನ ಇಳಿಸುವುದಕ್ಕೆ ಸರ್ಕಾರದ ಹತ್ತಿರ ಜಾಗವಿದೆ. ಅದು ನಮ್ಮ ತಾರಸಿಯ ಮೇಲೆ ಹೋಗುವಾಗ ಬೀದಿಯ ಮುದುಕರೆಲ್ಲ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾರೆ, ಅರ್ಧ ಜನಕ್ಕೆ ಸದ್ದು ಮಾತ್ರ. ಅವರ ಕಣ್ಣು ನೋಡಲು ಯಾವನೋ ದಾನಿ ಬರಬೇಕು, ಅವನ ಫೋಟೊ ಬರಬೇಕು. ತೆರಿಗೆ ಕಟ್ಟಿದವರಿಗೆ ಇದು ದಾನವೇ? ನನಗಂತೂ ಉಚಿತ ಎಂಬ ಪದ ಕಂಡರೆ ಮೈ ಬಿಗಿಯುತ್ತದೆ. ಯಾಕೆಂದು ನಿನಗಲ್ಲದೆ ಇನ್ಯಾರಿಗೆ ಗೊತ್ತು?

1986 ನೆನಪಿದೆಯಲ್ಲ. ಶಿವಮೊಗ್ಗದ ಕೋಟೆ ರಸ್ತೆಯ ನಮ್ಮ ಪ್ರೆಸ್ಸು. ನಾನು ಮೊಳೆ ಜೋಡಿಸುತ್ತಿದ್ದೆ, ನೀನು ಅಚ್ಚಿನ ಟ್ರೆಡಲ್ ಯಂತ್ರ ತುಳಿಯುತ್ತಿದ್ದೆ. ಕಣ್ಣಿನ ಶಿಬಿರ ಮಾಡುವ ಒಂದು ಸಂಘದವರು ಗೋಡೆಗೆ ತೂಗುಹಾಕುವ ಅಕ್ಷರಗಳ ಪಟ ಬೇಕು ಎಂದು ಬಂದರು. ಮೇಲೆ ಒಂದು ದೊಡ್ಡ ಅಕ್ಷರ, ಕೆಳಗೆ ಇಳಿದಂತೆ ಚಿಕ್ಕದು, ಒಟ್ಟು ಏಳು ಸಾಲು. ದೊಡ್ಡ ಅಳತೆಯಲ್ಲಿ ಮರದ ಅಚ್ಚು ಒಂದೇ ಇತ್ತು, ಅಂಚು ಮುರಿದ 'ಠ'. ಅದನ್ನೇ ಮೇಲೆ ಕೂರಿಸಿದೆವು. ಅದೇ ಶಿಬಿರಕ್ಕೆ ನಾನೇ ನನ್ನನ್ನು ಹೆತ್ತ ಅಮ್ಮಿಯನ್ನು ಕರೆದುಕೊಂಡು ಹೋದೆ. ಅಮ್ಮಿ 'ಕಾಣಲ್ಲ ಬೇಟಾ' ಎಂದು ನಿಜ ಹೇಳಿದಳು. ನಿಜ ಹೇಳಿದ್ದಕ್ಕೆ ಅವತ್ತು ಮಧ್ಯಾಹ್ನವೇ ಶಾಲೆಯ ಬೆಂಚಿನ ಮೇಲೆ ಮಲಗಿಸಿ ಆಪರೇಷನ್ ಮಾಡಿದರು. ಮೂರನೆಯ ದಿನ ಕೀವು. ಅವಳನ್ನು ಸೈಕಲ್ ಮೇಲೆ ಕೂರಿಸಿ ಆಸ್ಪತ್ರೆಗೆ ತಳ್ಳಿಕೊಂಡು ಹೋದವನು ನೀನು. ಅಮ್ಮಿಯೂ ಸೇರಿ ಹನ್ನೊಂದು ಜನರ ಕಣ್ಣು ಹೋಯಿತು. ವಿಚಾರಣೆ ಮಾಡಿಸುತ್ತೇವೆ ಎಂದು ಸಂಘದವರು ಕರಪತ್ರ ಹಂಚಿದರು. ಅದನ್ನೂ ನಾವೇ ಅಚ್ಚು ಹಾಕಿದೆವು. ವಿಚಾರಣೆ ಇನ್ನೂ ಆಗುತ್ತಲೇ ಇದೆ.

ಕಳೆದ ಭಾನುವಾರ ಗಂಡಸರ ಸರದಿ ಇತ್ತು. ಏನು ನಡೆಸುತ್ತಾರೆ ನೋಡೋಣ ಎಂದು ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ಸಮುದಾಯ ಭವನಕ್ಕೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಒಬ್ಬರು ತಮಿಳಿನವರು, ಕಾರ್ಖಾನೆಯಿಂದ ರಿಟೈರ್ ಆದವರು. 'ನಲವತ್ತು ವರ್ಷ ಫರ್ನೇಸ್ ನೋಡಿದ ಕಣ್ಣು ಸಾರ್, ಇವರ ಟಾರ್ಚ್ ಏನು ಮಾಡುತ್ತೆ' ಎಂದು ನಗುತ್ತಿದ್ದರು. ಮುಂದೆ ಗೋಡೆ ನೋಡಿದೆ. ಕೃಷ್ಣಪ್ಪ, ಅಲ್ಲಿ ನಮ್ಮ ಪಟ ಇತ್ತು. ಈಗ ಫ್ಲೆಕ್ಸಿನಲ್ಲಿ ಮಾಡಿಸಿದ್ದಾರೆ, ಆದರೆ ಯಾವುದೋ ಹಳೆಯ ಪ್ರತಿಯ ಫೋಟೊ ತೆಗೆದೇ ಮಾಡಿಸಿದ್ದು. ಮೇಲೆ ಅಂಚು ಮುರಿದ ಅದೇ 'ಠ'.

ನಡೆಸುವ ರೀತಿಯನ್ನು ಚೆನ್ನಾಗಿ ಗಮನಿಸಿದೆ. ಕಾಲೇಜು ಹುಡುಗಿಯೊಬ್ಬಳು ಮೊದಲು ಎಡಗಣ್ಣು ಮುಚ್ಚಿಸಿ ಓದಿಸುತ್ತಾಳೆ, ಆಮೇಲೆ ಬಲಗಣ್ಣು ಮುಚ್ಚಿಸಿ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಎಲ್ಲೂ ಹಾರಿಸುವುದಿಲ್ಲ. ಪೂರ್ತಿ ಓದಿದವರಿಗೆ ಹಸಿರು ಚೀಟಿ, ಮನೆಗೆ ಹೋಗಬಹುದು. ತಡವರಿಸಿದವರಿಗೆ ಕೆಂಪು ಚೀಟಿ, ಪರದೆಯ ಹಿಂದಿನ ಕೋಣೆಗೆ ಹೋಗಬೇಕು. ಆ ಕೋಣೆಯಿಂದ ಹೊರಬಂದ ನಾಲ್ವರನ್ನು ಬಸ್ಸು ಹತ್ತಿಸಿದರು. ಎಲ್ಲಿಗೆ ಅಂದರೆ ಶಿವಮೊಗ್ಗಕ್ಕೆ ಅಂದರು. ಯಾಕೆ ಅಂದರೆ 'ನೀವು ಸಾಲಲ್ಲಿ ನಿಂತ್ಕೊಳ್ಳಿ' ಅಂದರು.

ಹೆಂಗಸರ ಸರದಿ ಹದಿನೆಂಟಕ್ಕೆ. ಹಫೀಜಾಳಿಗೆ ಕನ್ನಡ ಓದಲು ಬರುವುದಿಲ್ಲ, ಓದಿದ್ದು ಉರ್ದುವಿನ ನಾಲ್ಕನೇ ಕ್ಲಾಸು. ಆದರೆ ಆ ಪಟ ನನಗೆ ಬಾಯಿಪಾಠ. ಅಷ್ಟರೊಳಗೆ ಅವಳಿಗೂ ಮಾಡಿಸುತ್ತೇನೆ. ಹಸಿರು ಚೀಟಿ ಕೈಗೆ ಬಂದರೆ ಶಿರೀನಳ ಫೋನು ನಿಲ್ಲುತ್ತದೆ, ಇವಳನ್ನು ಬಸ್ಸು ಹತ್ತಿಸಲು ಯಾರಿಂದಲೂ ಆಗುವುದಿಲ್ಲ.

'ಕಾಣದೇ ಇದ್ರೆ ಕಾಣಲ್ಲ ಅನ್ನಬೇಕಲ್ವ?' ಅಂದಳು ಹಫೀಜಾ.

'ಅಮ್ಮಿ ಹಾಗೇ ಅಂದಿದ್ದು' ಅಂದೆ.

ಮನೆಯವರಿಗೆಲ್ಲ ನಮಸ್ಕಾರ ಹೇಳು.

ನಿನ್ನ
ನಸರುಲ್ಲಾ

*

ಹಳೇನಗರ, ಭದ್ರಾವತಿ
20-2-2024

ಪ್ರಿಯ ಕೃಷ್ಣಪ್ಪ,

ನಿನ್ನ ಕಾರ್ಡು ಬಂತು. 'ಮಾರಾಯ, ನಿನ್ನ ತಲೆಯನ್ನು ಬಿಚ್ಚಿ ಮೊಳೆ ಎಲ್ಲ ಖಾನೆಗೆ ವಾಪಸು ಹಾಕಬೇಕು' ಎಂದು ಬರೆದಿದ್ದೀಯ. ಅಂಚೆಯವನೂ ಓದಿಕೊಂಡು ನಗುತ್ತಾ ಕೊಟ್ಟ. ನೀನು ಇಂಥದ್ದೇ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು ಈಗ ಹೊಳಲೂರಿನ ದಂಡೆಯಲ್ಲಿ ಕೂತು ತುಂಗೆಯ ಆಚೆ ದಡದ ಕೊಕ್ಕರೆ ಎಣಿಸುತ್ತಿದ್ದೀಯಂತೆ. ಸಂತೋಷ. ಆದರೆ ಒಬ್ಬನ ಅದೃಷ್ಟ ಹನ್ನೊಂದು ಜನರಿಗೆ ಉತ್ತರವಲ್ಲ. 'ಕಾಲ ಬದಲಾಗಿದೆ, ಈಗ ಯಾರೂ ಶಾಲೆಯ ಬೆಂಚಿನ ಮೇಲೆ ಕುಯ್ಯುವುದಿಲ್ಲ' ಎಂದೂ ಬರೆದಿದ್ದೀಯ. ಬದಲಾಗಿದೆ ಎಂದು ಹೇಳುವವರು ಯಾರು? ಕರಪತ್ರ ಹಾಕಿಸುವವರೇ.

ಈಗ ನಮ್ಮ ಮನೆಯ ಪಾಠದ ವಿಷಯ ಕೇಳು. ದಿನಾ ಸಂಜೆಯ ಅಸರ್ ನಮಾಜು ಮುಗಿಸಿ ಬಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಪೆನ್ನಿನಿಂದ ಬರೆದು ಇಟ್ಟುಕೊಂಡು ಕೂರುತ್ತಿದ್ದೆ. ಮೊದಲ ಎರಡು ದಿನ ಅವಳ ತಲೆಗೆ ಏನೂ ಹತ್ತಲಿಲ್ಲ. ಮೂರನೆಯ ದಿನ ತಾನೇ ಒಂದು ಉಪಾಯ ಮಾಡಿಕೊಂಡಳು. ಒಂದೊಂದು ಅಕ್ಷರಕ್ಕೂ ನಮ್ಮ ಬೀದಿಯ ಒಬ್ಬೊಬ್ಬರನ್ನು ಹಿಡಿದಳು. 'ಗ' ಅಂದರೆ ಗಫಾರ್, 'ರ' ಅಂದರೆ ಹಾಲಿನ ರತ್ನಮ್ಮ, 'ಬ' ಅಂದರೆ ಬಷೀರನ ಗ್ಯಾರೇಜು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದ ಹಾಗೆ ಸಾಲು ಹೇಳುತ್ತಿದ್ದಳು. ಎರಡು ಮನೆ ತಪ್ಪಿದರೆ ಅವಳೇ ನಗುತ್ತಿದ್ದಳು. ನಾಲ್ಕನೇ ಸಾಲಿನ 'ನ' ಯಾರು ಅಂತ ಕೇಳಿದೆ. 'ಇನ್ಯಾರು, ಪಾಠ ಹೇಳ್ತಾ ಗದರಿಸೋರು' ಅಂದಳು.

ನಲವತ್ತಾರು ವರ್ಷದ ಸಂಸಾರ ಕೃಷ್ಣಪ್ಪ. ಊರಿನವರ ಮದುವೆ ಕಾಗದ, ತಿಥಿ ಕಾಗದ, ಚುನಾವಣೆ ಭಾಷಣ, ಎಲ್ಲಕ್ಕೂ ಅಕ್ಷರ ಜೋಡಿಸಿದವನು ನಾನು, ಮನೆಯಲ್ಲಿ ಅವಳಿಗೆ ಒಂದಕ್ಷರ ಹೇಳಿಕೊಟ್ಟಿರಲಿಲ್ಲ. ಅದು ಆ ಎರಡು ವಾರದಲ್ಲಿ ಹೊಳೆಯಿತು. ನನ್ನಷ್ಟಕ್ಕೆ ನಾನು ಸ್ವಲ್ಪ ನಾಚಿಕೊಂಡೆ. ಬಿಡು.

ಭಾನುವಾರ ಹೋದೆವು. ಅದೇ ಹುಡುಗಿ, ಹೆಸರು ಪ್ರಿಯದರ್ಶಿನಿ. 'ಅಜ್ಜಿಗೆ ಕನ್ನಡ ಓದೋಕೆ ಬರುತ್ತಾ? ಬರದಿದ್ರೆ ಬೇರೆ ಪಟ ಇದೆ, ಗೀಟು ಯಾವ ಕಡೆ ಅಂತ ಕೈಯಲ್ಲಿ ತೋರಿಸಿದ್ರೆ ಸಾಕು' ಅಂದಳು. ನಾನು ಬಾಗಿಲ ಹತ್ತಿರದಿಂದಲೇ 'ಬರುತ್ತೆ, ಬರುತ್ತೆ' ಅಂದೆ.

ಬಲಗಣ್ಣಿನಲ್ಲಿ ಏಳು ಸಾಲೂ ಸಲೀಸಾಗಿ ಹೇಳಿದಳು. ನಡುವೆ ಒಂದು ಸಲ ತಿರುಗಿ ನನ್ನ ಕಡೆ ನೋಡಿದಳು. ಆಮೇಲೆ ಬಲಗಣ್ಣು ಮುಚ್ಚಿಸಿದರು. ಹುಡುಗಿ 'ಹೂಂ, ಶುರು ಮಾಡಿ ಅಜ್ಜಿ' ಅಂದಳು. ಹಫೀಜಾ ಬಾಯಿ ತೆರೆದಳು, ಮುಚ್ಚಿದಳು. ಹೋಯಿತು, ಕೆಂಪು ಚೀಟಿಯೇ ಅಂದುಕೊಂಡೆ. ಅಷ್ಟರಲ್ಲಿ 'ಠ' ಅಂದಳು. ಆಮೇಲೆ ನಿಲ್ಲಲಿಲ್ಲ. 'ಎಷ್ಟು ಚೆನ್ನಾಗಿ ಓದ್ತೀರ ಅಜ್ಜಿ, ನನ್ನ ಕಣ್ಣಿಗಿಂತ ನಿಮ್ಮದೇ ಚೆನ್ನಾಗಿದೆ' ಎಂದು ಆ ಹುಡುಗಿ ಹಸಿರು ಚೀಟಿ ಕೊಟ್ಟಳು.

ಹೊರಗೆ ಬಂದು ಆಟೊ ಹತ್ತಿದ ಮೇಲೆ 'ಪಾಸಾದೆಯಲ್ಲ' ಅಂದೆ.

'ನೀವು ಪಾಸಾದ್ರಿ' ಅಂದಳು. ಮನೆ ತಲುಪಿದ ಕೂಡಲೇ ಹೋಗಿ ಮಲಗಿಬಿಟ್ಟಳು. ದಣಿದಿರಬೇಕು.

ಚೀಟಿಯ ಫೋಟೊ ಶಿರೀನಳಿಗೆ ಕಳಿಸಿದೆ. ಇನ್ನು ಒಂದು ವರ್ಷ ನೆಮ್ಮದಿ. ಪೊರೆ ಬೆಳೆದರೆ ಬೆಳೆಯಲಿ, ಸಮಯ ಬಂದಾಗ ನಾನೇ ನಂಬಿಕೆಯ ಡಾಕ್ಟರನ್ನು ಹುಡುಕಿ ಮಾಡಿಸುತ್ತೇನೆ. ನಿನ್ನ ಕೊಕ್ಕರೆಗಳಿಗೆ ನನ್ನ ಸಲಾಮು.

ನಿನ್ನ
ನಸರುಲ್ಲಾ

*

ಹಳೇನಗರ, ಭದ್ರಾವತಿ
15-12-2024

ಪ್ರಿಯ ಕೃಷ್ಣಪ್ಪ,

ಹತ್ತು ತಿಂಗಳು ನಿನಗೆ ಕಾಗದ ಹಾಕಲಿಲ್ಲ. ನಿನ್ನ ಮೂರು ಕಾರ್ಡು ಬಂದಿವೆ, ಮೂರನೆಯದರಲ್ಲಿ 'ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ಬರಿ' ಎಂದಿದ್ದೀಯ. ಬದುಕಿದ್ದೇನೆ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಕೈ ನಿಲ್ಲುತ್ತಿತ್ತು. ಕ್ಷಮಿಸು.

ಅಕ್ಟೋಬರಿನಲ್ಲಿ ಹಫೀಜಾ ಶಿರೀನಳ ಮನೆಗೆ ಹೋಗಿದ್ದಳು. ಇಬ್ಬರೂ ಶಿವಮೊಗ್ಗ ಬಸ್ ಸ್ಟ್ಯಾಂಡ್ ಎದುರು ರಸ್ತೆ ದಾಟುವಾಗ ಬಲಗಡೆಯಿಂದ ಬಂದ ಆಟೊ ಇವಳಿಗೆ ಕಾಣಲೇ ಇಲ್ಲ. ಎಡಗಡೆಯಲ್ಲ, ಬಲಗಡೆ. ಮಂಡಿ ತರಚಿತು, ದೊಡ್ಡ ಪೆಟ್ಟಿಲ್ಲ. ಆದರೆ ಶಿರೀನ್ ನನ್ನನ್ನು ಒಂದು ಮಾತೂ ಕೇಳದೆ ನೇರ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅರವತ್ತು ದಾಟಿದವರಿಗೆ ಬೇರೆ ಸಾಲು ಇದೆ. ಚೀಟಿ ಮಾಡಿಸಿದ್ದೊಂದೇ ಖರ್ಚು. ಎಷ್ಟೋ ವರ್ಷದಿಂದ ಆ ಸಾಲು ಅಲ್ಲೇ ಇತ್ತಂತೆ. ಪತ್ರಿಕೆಯ ಒಂದೊಂದು ಮೂಲೆಯನ್ನೂ ಓದುವ ನನಗೆ ಗೊತ್ತಿರಲಿಲ್ಲ.

ಸಂಜೆ ನಾನು ಅಲ್ಲಿಗೆ ಓಡಿದೆ. ಡಾಕ್ಟರಮ್ಮ ವಯಸ್ಸಿನಲ್ಲಿ ನಮ್ಮ ಶಿರೀನಳಿಗಿಂತ ಚಿಕ್ಕವಳು. 'ಇದು ಪೊರೆ ಅಲ್ಲ, ಗ್ಲಾಕೋಮಾ. ಕಣ್ಣೊಳಗೆ ಒತ್ತಡ ಏರಿ ನರ ಸಾಯುತ್ತೆ' ಅಂದಳು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ನಡುವಿನ ಭಾಗ ಮಾತ್ರ ಉಳಿದಿದೆ, ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಪೊರೆಯಾದರೆ ತೆಗೆಯಬಹುದು, ಇದರಲ್ಲಿ ಹೋದದ್ದು ವಾಪಸು ಬರುವುದಿಲ್ಲ. ದಿನಾ ಹನಿ ಹಾಕಿ ಉಳಿದದ್ದನ್ನು ಕಾಯಬೇಕು.

ನಾನು ನಂಬಲಿಲ್ಲ. ನಿನಗೆ ನನ್ನ ಬುದ್ಧಿ ಗೊತ್ತು. ಒತ್ತಡದ ಅಂಕಿ ಬರೆದುಕೊಡಿ ಅಂದೆ, ಬರೆದುಕೊಟ್ಟಳು. ಅವಳ ಮುಂದೆಯೇ ಬೇರೆ ಕಡೆ ತೋರಿಸುತ್ತೇನೆ ಅಂದೆ. 'ಖಂಡಿತ ತೋರಿಸಿ ಸರ್, ಆದ್ರೆ ಹನಿ ಇವತ್ತೇ ಶುರು ಮಾಡಿ' ಅಂದಳು. ಖಾಸಗಿಯವರ ಹತ್ತಿರ ಹೋದೆ, ಈ ಡಾಕ್ಟರಮ್ಮನ ಚೀಟಿ ತೋರಿಸದೆ. ಹೆಚ್ಚು ಕಡಿಮೆ ಅದೇ ಅಂಕಿ ಬಂತು, ಅದೇ ಹನಿ ಬರೆದುಕೊಟ್ಟರು. ಸುಳ್ಳು ಎಲ್ಲಿದೆ ಎಂದು ಹುಡುಕಿಕೊಂಡು ಹೊರಟವನಿಗೆ ಎರಡು ಕಡೆಯೂ ಸಿಗಲಿಲ್ಲ.

ಆಗ ನನಗೆ ಹಸಿರು ಚೀಟಿ ನೆನಪಾಯಿತು. ಕೃಷ್ಣಪ್ಪ, ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನಗೆ ಒಂಥರಾ ಸಮಾಧಾನವಾಯಿತು. ಸಿಕ್ಕಿಬಿದ್ದರು ಅನ್ನಿಸಿತು. ಎಂಟು ತಿಂಗಳ ಹಿಂದೆ ಎರಡೂ ಕಣ್ಣು ಸರಿಯಿದೆ ಎಂದು ಬರೆದುಕೊಟ್ಟವರು ಅವರು, ಕಾಗದ ನನ್ನ ಕೈಯಲ್ಲಿದೆ. ಇಡೀ ದಿನ ಕೂತು ಎರಡು ಪುಟದ ದೂರು ಬರೆದೆ. ಒಂದು ಪ್ರತಿ ಆರೋಗ್ಯಾಧಿಕಾರಿಗೆ, ಒಂದು ಪತ್ರಿಕೆಯ ವಾಚಕರ ಅಂಕಣಕ್ಕೆ. 1986ರ ಹನ್ನೊಂದು ಜನರನ್ನೂ ಸೇರಿಸಿದೆ. ಅಷ್ಟು ಒಳ್ಳೆಯ ಕನ್ನಡ ನಾನು ಬಹಳ ದಿನದಿಂದ ಬರೆದಿರಲಿಲ್ಲ. ಆ ಹೊತ್ತಿನಲ್ಲಿ ನಾನು ಕಲಿಸಿದ ಏಳು ಸಾಲು ನನಗೆ ನೆನಪೇ ಆಗಲಿಲ್ಲ ಅಂದರೆ ನಂಬುತ್ತೀಯಾ? ನೆನಪು ಇತ್ತು. ಅದರ ಕಡೆ ತಿರುಗಲಿಲ್ಲ ಅಷ್ಟೇ.

ನವೆಂಬರಿನಲ್ಲಿ ಅದೇ ಭವನದಲ್ಲಿ ಮತ್ತೆ ಶಿಬಿರವಾಯಿತು. ಇನ್ನೂ ಅಂಚೆಗೆ ಹಾಕದ ದೂರನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಪ್ರಿಯದರ್ಶಿನಿಯ ಮೇಜಿನ ಮೇಲೆ ಹಸಿರು ಚೀಟಿ ಇಟ್ಟೆ. 'ಇದು ನಿನ್ನ ಸಹಿ ತಾನೇ?' ಅಂದೆ. ಸುತ್ತ ಜನ ಸೇರಿದರು, ನಾನೂ ದನಿ ಏರಿಸಿದ್ದೆ. ಅವಳು ಹೆದರಲಿಲ್ಲ. ಹಿಂದಿನ ಶಿಬಿರದ ಪುಸ್ತಕ ತರಿಸಿ ಫೆಬ್ರವರಿ ಹದಿನೆಂಟರ ಪುಟ ತೆಗೆದಳು.

'ನನಗೆ ಈ ಅಜ್ಜಿ ನೆನಪಿದ್ದಾರೆ ಅಂಕಲ್. ಎಡಗಣ್ಣಲ್ಲೂ ಕೊನೇ ಸಾಲಿನ ತನಕ ಓದಿದ್ರು. ಅವತ್ತು ಅಷ್ಟು ಸಲೀಸಾಗಿ ಓದಿದೋರು ಇನ್ಯಾರೂ ಇಲ್ಲ. ಬರೆದಿದ್ದೀನಿ ನೋಡಿ.'

ನೋಡಿದೆ. ಬರೆದಿತ್ತು.

'ಪರದೆಯ ಹಿಂದೆ ಏನು ಮಾಡ್ತೀರಿ?' ಅಂತ ಕೇಳಿದೆ. ದನಿ ಇಳಿದುಹೋಗಿತ್ತು.

'ಒತ್ತಡ ನೋಡ್ತಾರೆ, ಎರಡು ನಿಮಿಷ. ಜಾಸ್ತಿ ಇದ್ರೆ ಬಸ್ಸಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿ, ಸಂಜೆ ವಾಪಸ್ ಕರ್ಕೊಂಡು ಬರ್ತಾರೆ. ಇಲ್ಲಿ ಆಪರೇಷನ್ ಯಾವತ್ತೂ ಮಾಡಿಲ್ಲ.'

'ಎಲ್ಲರಿಗೂ ಯಾಕೆ ನೋಡಲ್ಲ?'

'ಮಷೀನ್ ಒಂದೇ ಇರೋದು ಅಂಕಲ್. ಓದೋಕೆ ಆಗದೇ ಇರೋರನ್ನ ಮಾತ್ರ ಒಳಗೆ ಕಳಿಸ್ತೀವಿ.' ಪುಸ್ತಕ ಮುಚ್ಚುತ್ತಾ 'ಅಜ್ಜಿಗೆ ಅವತ್ತು ನಿಜವಾಗ್ಲೂ ಕಾಣ್ತಿತ್ತಾ?' ಅಂದಳು.

ನಾನು ಚೀಟಿ ಎತ್ತಿಕೊಂಡು ಬಂದುಬಿಟ್ಟೆ.

ಒಂದೇ ಮಷೀನು ಇಟ್ಟುಕೊಂಡು ಇಡೀ ಭದ್ರಾವತಿಯ ಮುದುಕರ ಕಣ್ಣು ನೋಡುತ್ತೇವೆ ಎಂದು ಮೂರು ಇಂಚಿನ ಫೋಟೊ ಹಾಕಿಸಿಕೊಳ್ಳುವುದು ಸರಿಯಲ್ಲ ಎಂದು ಈಗಲೂ ಹೇಳುತ್ತೇನೆ. ಓದಿದವನಿಗೂ ಓದದವನಿಗೂ ಆ ಎರಡು ನಿಮಿಷ ಸಿಗಬೇಕು. ಅದು ಯಾರ ದಾನವೂ ಆಗಬಾರದು, ನಮ್ಮ ಹಕ್ಕಾಗಬೇಕು. ಇದನ್ನು ಬರೆಯಬೇಕು ಕೃಷ್ಣಪ್ಪ. ಆದರೆ ಬರೆದು ಕೆಳಗೆ ಯಾವ ಮುಖ ಇಟ್ಟುಕೊಂಡು ನನ್ನ ಹೆಸರು ಹಾಕಲಿ? ದೂರನ್ನು ಹರಿದು ಹಾಕಿದ್ದೇನೆ.

ನಾನು ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. 'ಎಡಗಣ್ಣು ಆಗಲೇ ಹೋಗಿತ್ತೇನೋ. ಅವತ್ತೇ ಒತ್ತಡ ನೋಡಿಸಿದ್ರೆ ಬಲಗಣ್ಣು ಇನ್ನೂ ಜಾಸ್ತಿ ಉಳೀತಿತ್ತು' ಎಂದಷ್ಟೇ ಹೇಳಿ ಮುಂದಿನವರನ್ನು ಕರೆದಳು.

ನೀನು ಪೊರೆ ತೆಗೆಸಿದ್ದೀಯ, ಅಷ್ಟಕ್ಕೇ ಬಿಡಬೇಡ. ಮನೋಹರನ ಜೊತೆ ಹೋಗಿ ಒತ್ತಡ ಅಳೆಸಿಕೊಂಡು ಬಾ. ಹೊಳಲೂರಿನಲ್ಲಿ ನಮ್ಮ ವಯಸ್ಸಿನವರಿಗೆಲ್ಲ ಹೇಳು. ಕಾಣದಿದ್ದರೆ ಕಾಣಲ್ಲ ಎಂದೇ ಹೇಳಬೇಕು ಎಂದು ಹೇಳು. ನಾನು ಹೇಳಿದೆ ಅನ್ನಬೇಡ, ನೀನೇ ಹೇಳಿದ ಹಾಗೆ ಹೇಳು.

ಮನೋಹರನಿಗೂ ಸೊಸೆಗೂ ನನ್ನ ಆಶೀರ್ವಾದ. ಮೊಮ್ಮಕ್ಕಳು ಚೆನ್ನಾಗಿ ಓದಲಿ, ಅಲ್ಲಾಹ ಅವರನ್ನು ಚೆನ್ನಾಗಿಟ್ಟಿರಲಿ. ನಿನ್ನ ಕಿವಿ ಹೋದರೂ ಕಣ್ಣು ನಿನ್ನ ಕೊನೆಯ ದಿನದವರೆಗೂ ನಿನ್ನ ಜೊತೆಗಿರಲಿ.

ನಿನ್ನ
ನಸರುಲ್ಲಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ನಿನ್ನೆ ಹನಿ ಹಾಕಲು ಕೂರಿಸಿದಾಗ ಹಫೀಜಾಳನ್ನು ಕೇಳಿಬಿಟ್ಟೆ. ಅವತ್ತು ಬಲಗಣ್ಣು ಮುಚ್ಚಿದ ಮೇಲೆ ಬಾಯಿ ತೆರೆದು ಯಾಕೆ ನಿಲ್ಲಿಸಿದೆ, ಸಾಲು ಮರೆತುಹೋಗಿತ್ತಾ ಅಂತ. ಅವಳು ನಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ಮರೆತಿರಲಿಲ್ಲ. ಗೋಡೆಯೇ ಕಾಣ್ತಿರಲಿಲ್ಲ. ಕಾಣಲ್ಲಮ್ಮ ಅಂತ ಆ ಹುಡುಗಿಗೆ ಹೇಳೋಕೇ ಬಾಯಿ ತೆರೆದೆ. ಆದ್ರೆ ಅದಕ್ಕೆ ಮುಂಚೆ ತಿರುಗಿ ನೋಡಿದಾಗ ನೀವು ಬಾಗಿಲಲ್ಲಿ ನಿಂತು ನನ್ನ ಜೊತೆ ಜೊತೆಗೇ ತುಟಿ ಅಲ್ಲಾಡಿಸ್ತಿದ್ರಿ. ಶಿರೀನ್ ಹುಟ್ಟಿದಾಗಲೂ ನೀವು ಪ್ರೆಸ್ಸಲ್ಲಿದ್ರಿ. ನನಗೋಸ್ಕರ ನೀವು ಹಾಗೆ ನಿಂತಿದ್ದು ನಾನು ನೋಡೇ ಇರಲಿಲ್ಲ. ಅಷ್ಟು ಜನರ ಎದುರು ನಿಮ್ಮನ್ನ ಫೇಲ್ ಮಾಡೋಕೆ ಮನಸ್ಸು ಬರಲಿಲ್ಲ.'

ತಲೆ ಹಿಂದಕ್ಕೆ ಹಾಕು ಅಂದೆ. ಹನಿ ಕೆನ್ನೆಗೆ ಬಿತ್ತು. 'ಕಣ್ಣಿಗೆ ಬೀಳಲಿಲ್ಲ, ಇನ್ನೊಂದು ಹಾಕಿ' ಅಂದಳು.